ಒರಿನ್ ಬಿತ್ತಿದ ಹುಲ್ಲುಗಾವಲು

ಅಯೋವಾ, ಆಗಸ್ಟ್ ಕೊನೆ

ಮೈದುನ ಡ್ವೈಟ್‌ಗೆ,

ನಿನ್ನಣ್ಣ ಒರಿನ್ ಬಿತ್ತಿ ಬೆಳೆಸಿದ ಕಾಡುಹೂಗಳ ಹುಲ್ಲುಗಾವಲಿಗೆ, ಅವರನ್ನು ಮಣ್ಣು ಮಾಡಿದ ವಾರವೇ ನೀನು ಕಳೆನಾಶಕ ಹೊಡೆದೆ. "ಹುಳಹುಪ್ಪಟೆ ಸಾಕೋಕೆ ಹೊಲ ಯಾಕೆ ಅತ್ತಿಗೆ? ಮೆಕ್ಕೆಜೋಳ ಹಾಕೋಣ ಬಿಡಿ" ಅಂದೆ. ನಾನು ಮತ್ತೆ ಬಿತ್ತಿದೆ. ಮೊದಲು ಮಿಡತೆ ಬಂದವು, ಆಮೇಲೆ ಜೀರುಂಡೆ. ಈ ಬೇಸಿಗೆ ದುಂಬಿಗಳು ಹಿಂಡುಹಿಂಡಾಗಿ ಬಂದಿವೆ. ಅವು ಬೇಲಿ ದಾಟಿದ್ದಕ್ಕೇ, ಬರೀ ಹೂ ಉದುರಿಸುತ್ತಿದ್ದ ನಿನ್ನ ಕುಂಬಳದ ಬಳ್ಳಿ ಮೈತುಂಬ ಕಾಯಿ ಬಿಟ್ಟಿದೆ.

ಜಮೀನು ಮತ್ತೆ ಕೇಳಿದ್ದೀಯ. ಯಾರೂ ಎಂದೂ ಅದನ್ನು ಉಳದಂತೆ ಕಾಗದ ಮಾಡಿಸಿದ್ದೇನೆ.

ಭಾನುವಾರ ಚರ್ಚಿನಲ್ಲಿ ಬೆಳೆಗಾಗಿ ದೇವರಿಗೆ ವಂದನೆ ಹೇಳುವಾಗ ಒರಿನ್ ಹೆಸರನ್ನೂ ಹೇಳು. ನೀನು ಹೇಳದಿದ್ದರೆ, ನೀನು ಮಾಡಿದ್ದನ್ನೂ ಸೇರಿಸಿ ನಾನೇ ಎದ್ದು ಹೇಳುತ್ತೇನೆ. ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.

ನಿನ್ನ ಅತ್ತಿಗೆ,
ಲವೋನ್