ಮದ್ದು ತೆಗೆಸಿದ್ದು

ಜೂನ್ 11, ಮಂಗಳವಾರ
ಬೆಳಗಿನ ಶಿಫ್ಟ್. ಸೋಮನಹಳ್ಳಿ ಬಸ್ಸಿನಲ್ಲಿ ಸೀಟು ಸಿಕ್ಕಿತು. ಸಿಗರೇಟು ಬಿಟ್ಟು ತಿಂಗಳಾಯಿತು. ಎರಡನೇ ಮದುವೆಗೆ ಒಪ್ಪುವಾಗ ರೂಪ ಕೇಳಿದ್ದು ಅದೊಂದೇ. ಬಾಯಿ ಸುಮ್ಮನಿರಬೇಕಲ್ಲ — ಮದ್ದೂರಿನಲ್ಲಿ ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಿಂದ ಅತಿಮಧುರದ ಬೇರು ತಂದಿದ್ದೇನೆ. ಒಂದು ಮುಗಿದರೆ ಇನ್ನೊಂದು, ದಿನವಿಡೀ ಅಗಿಯುವುದು. ಫ್ಯಾಕ್ಟರಿಯಲ್ಲಿ ನಗುತ್ತಾರೆ. ನಗಲಿ.
ಡಬ್ಬಿಯಲ್ಲಿ ಮುದ್ದೆ, ಉಪ್ಸಾರು. ಮೊದಲನೆಯವಳು ತೀರಿಕೊಂಡ ಮೇಲೆ ಹೋಟೆಲಲ್ಲೇ ಉಂಡವನು ನಾನು. ಬೆರಳು ಚೀಪಿದೆ.

ಜೂನ್ 27
ಸಂಜೆಗೆ ಪಾದ ಊದುತ್ತದೆ. ಫ್ಯಾಕ್ಟರಿಗೆ ಬಂದ ನರ್ಸ್ ಬಿಪಿ ನೋಡಿ, ನಂಬದೆ ಇನ್ನೊಂದು ಸಲ ನೋಡಿದಳು. ತುಂಬಾ ಜಾಸ್ತಿಯಂತೆ. ಯಾವತ್ತೂ ಬಿಪಿ ಇದ್ದವನಲ್ಲ. ಮಾತ್ರೆ ಶುರು.

ಜುಲೈ 14, ಭಾನುವಾರ
ಬಸರಾಳಿನಿಂದ ಹೊಂಬಾಳಕ್ಕ ಬಂದಿದ್ದಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಮುಖ ನೋಡಿದವಳೇ ಹಿತ್ತಲಿಗೆ ಕರೆದಳು.
“ಏನ್ಲಾ ಸಿದ್ದರಾಜ, ಮಕ ಇಂಗ್ ಊದ್ಕಂಡದೆ?”
“ಬಿಪಿ ಅಂತೆ ಕಣಕ್ಕ. ಮಾತ್ರೆ ನುಂಗಿದ್ರೂ ಇಳೀತಿಲ್ಲ. ತೊಡೇಲಿ ಸಕ್ತಿನೇ ಇಲ್ಲ, ಬಸ್ಸು ಹತ್ತೋಕೂ ಆಗಲ್ಲ.”
“ಯಾವಾಗಿಂದ?”
“ಮದ್ವೆ ಆದ್ಮೇಲೆ ಅನ್ನು.”
ಅಕ್ಕ ಅಡುಗೆಮನೆ ಕಡೆ ನೋಡಿದಳು. “ಮದ್ದು ಇಕ್ಕವ್ಳೆ ಕಣ್ಲಾ. ಗಂಡ ಏಳ್ದಂಗೆ ಕೇಳ್ಲಿ ಅಂತ ಅನ್ನದಾಗೆ ಬೆರಸ್ತಾರೆ. ಒಟ್ಟೇಲಿ ಕೂತ್ಕಂಡು ಮನುಸನ್ನೇ ತಿಂದಾಕ್ತದೆ.”
ನಕ್ಕುಬಿಟ್ಟೆ. ಆದರೆ ಊಟಕ್ಕೆ ಕೂತಾಗ ರೂಪಳ ಕೈಯನ್ನೇ ನೋಡುತ್ತಿದ್ದೆ. ಸಾರು ಬಡಿಸುವ ಕೈ.

ಜುಲೈ 22
ಡಬ್ಬಿಯ ಊಟ ಫ್ಯಾಕ್ಟರಿ ಹಿಂದಿನ ನಾಯಿಗೆ ಹಾಕಿದೆ. ಶಿಫ್ಟ್ ಮುಗಿದಾಗ ಅದು ಗೇಟಿನಲ್ಲಿ ಬಾಲ ಆಡಿಸುತ್ತಿತ್ತು. ಅಕ್ಕನಿಗೆ ಫೋನ್ ಮಾಡಿದೆ.
“ಯಾರ ಎಸ್ರಲ್ಲಿ ಇಕ್ತಾರೋ ಅವ್ರಿಗೇ ಅತ್ತೋದು. ನಾಯಿಗೇನಾದದು, ಬುಡು.”
ಹೋಟೆಲಲ್ಲಿ ಉಂಡೆ. ಮನೆಯಲ್ಲಿ ಹಸಿವಿಲ್ಲ ಅಂದೆ. ರೂಪ ಯಾಕೆ ಅಂತ ಕೇಳಲಿಲ್ಲ. ತಪ್ಪಿಲ್ಲದವಳು ಕೇಳಬೇಕಲ್ಲವೇ?

ಜುಲೈ 30
ಮನೆಯೂಟ ಬಿಟ್ಟರೂ ಕಾಲು ಸೋಲುತ್ತಲೇ ಇದೆ. ಎದೆ ಒಮ್ಮೊಮ್ಮೆ ಬಡಿತ ತಪ್ಪಿಸುತ್ತದೆ. ಹಳೆಯದು ಒಳಗೇ ಕೂತಿದೆ, ತೆಗೆಸಬೇಕು ಅನ್ನುತ್ತಾಳೆ ಅಕ್ಕ. ಊಟ ಸೇರದು, ಬೇರು ಅಗಿಯುವುದೇ ಹೆಚ್ಚಾಗಿದೆ.
ಇವತ್ತು ಕೇಳಿಯೇಬಿಟ್ಟೆ. “ಸಾರಿಗೆ ಏನು ಹಾಕ್ತಿದ್ದೀಯ?”
ರೂಪ ಸೌಟು ಕೆಳಗಿಟ್ಟಳು. “ಯಾರು ಹೇಳಿಕೊಟ್ರು?”
“ಏನು ಹಾಕ್ತಿದ್ದೀಯ, ಹೇಳು.”
“ಉಪ್ಪು, ಖಾರ.”
ಅಷ್ಟೇ. ಮಧ್ಯಾಹ್ನದ ಬಸ್ಸಿಗೆ ಮಳವಳ್ಳಿಗೆ, ತವರಿಗೆ ಹೋದಳು. ತಡೆಯಲಿಲ್ಲ.

ಆಗಸ್ಟ್ 9, ಮಂಡ್ಯ, ನರ್ಸಿಂಗ್ ಹೋಂ
ಅಕ್ಷರ ಸೊಟ್ಟ. ಇವತ್ತೇ ಪೆನ್ನು ಹಿಡಿಯಲಾಗಿದ್ದು.
ಭಾನುವಾರ ಅಕ್ಕ ಮದ್ದು ತೆಗೆಯುವವನ ಹತ್ತಿರ ಕರೆದೊಯ್ದಳು. ಯಾವುದೋ ಸೊಪ್ಪಿನ ರಸ ಕುಡಿಸಿದ. ವಾಂತಿ… ನಿಲ್ಲದ ವಾಂತಿ. ಕಪ್ಪಗೆ ಏನನ್ನೋ ಎತ್ತಿ ತೋರಿಸಿದ. “ನೋಡ್ದಾ?” ಅಂದಳು ಅಕ್ಕ. ಮನೆಗೆ ಬಂದವನು ಬಚ್ಚಲಲ್ಲಿ ಕುಸಿದೆ. ಕಾಲು ಎತ್ತಲಾಗಲಿಲ್ಲ.
ಡಾಕ್ಟರ್ ಮೇಧಾ ರಿಪೋರ್ಟ್ ಹಿಡಿದು ಬಂದರು. “ರಕ್ತದಲ್ಲಿ ಪೊಟ್ಯಾಸಿಯಂ ಇಳಿದುಹೋಗಿದೆ. ಇನ್ನೂ ತಡವಾಗಿದ್ರೆ ಹೃದಯ ನಿಲ್ತಿತ್ತು. ಏನು ತಗೋತಿದ್ರಿ?”
“ಹೆಂಡ್ತಿ ಮದ್ದು ಹಾಕಿ…”
“ಅದು ಬಿಡಿ. ನೀವಾಗಿ ಏನು ತಿಂತಿದ್ರಿ?”
ಅಂಗಿ ಜೇಬಿನಲ್ಲಿ ಬೇರು ಇತ್ತು. ತೋರಿಸಿದೆ. ಕುರ್ಚಿ ಎಳೆದುಕೊಂಡು ಕೂತರು.
“ಕೆಮ್ಮಿಗೆ ಒಂದೆರಡು ದಿನ ಅಗಿದ್ರೆ ಸಾಮಾನ್ಯವಾಗಿ ಏನೂ ಆಗಲ್ಲ. ಆದ್ರೆ ಇದರಲ್ಲಿ ಗ್ಲಿಸರೈಜಿನ್ ಅನ್ನೋ ಅಂಶ ಇದೆ. ದಿನವಿಡೀ, ವಾರಗಟ್ಟಲೆ ಅಗಿದ್ರೆ ಮೈ ಉಪ್ಪು ನೀರು ಹಿಡಿದಿಟ್ಕೊಳ್ಳುತ್ತೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತೆ. ಬಿಪಿ ಏರುತ್ತೆ, ಕಾಲು ಸೋಲುತ್ತೆ. ಇದ್ದಬದ್ದದ್ದನ್ನ ಆ ವಾಂತಿ ತೆಗೀತು.”
ಗೋಡೆ ಕಡೆ ತಿರುಗಿ ಮಲಗಿದೆ.

ಆಗಸ್ಟ್ 25
ಬೇರು ಬಿಟ್ಟೆ. ಊತ ಇಳಿಯಿತು, ಬಿಪಿ ಇಳಿಯಿತು. ಅಕ್ಕನಿಗೆ ಎಲ್ಲ ವಿವರಿಸಿದೆ.
“ಮದ್ದು ತೆಗ್ಸಿದ್ಕೇ ವಾಸಿ ಆಯ್ತು ಕಣ್ಲಾ,” ಅಂದಳು.
ಒಂದು ಗಳಿಗೆ ನನಗೂ ಹೌದೇನೋ ಅನ್ನಿಸಿತು. ಆಮೇಲೆ ನಾಚಿಕೆಯಾಯಿತು.

ಸೆಪ್ಟೆಂಬರ್ 1, ಭಾನುವಾರ
ಮಳವಳ್ಳಿಗೆ ಹೋಗಿ ರೂಪಳನ್ನು ಕರೆದುಕೊಂಡು ಬಂದೆ. ಡಾಕ್ಟರು ಹೇಳಿದ್ದು ಹೇಳಿದೆ. ತಪ್ಪಾಯಿತು ಅಂದೆ. “ಆಯ್ತು, ನಡೀರಿ” ಅಂದಳು.

ಸೆಪ್ಟೆಂಬರ್ 6
ಬಂದ ದಿನದಿಂದ ಇದೇ ನಡೆಯುತ್ತಿದೆ. ತಟ್ಟೆ ಇಡುತ್ತಾಳೆ. ಮುದ್ದೆ ಮುರಿದು, ಸಾರಿಗೆ ಅದ್ದಿ, ಮೊದಲ ತುತ್ತು ತಾನು ನುಂಗುತ್ತಾಳೆ — ನನ್ನ ಕಣ್ಣೆದುರೇ. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸುತ್ತಾಳೆ.
ಇವತ್ತು ಕೈ ಹಿಡಿದುಕೊಂಡೆ. “ಬೇಡ ಕಣೇ. ಈಗ ನಂಗೆ ಅನುಮಾನ ಇಲ್ಲ.”
“ನಂಗೆ ಅದೆ,” ಅಂದಳು. “ನಾಳೆ ನಿಮ್ಗೆ ಇನ್ನೇನೋ ಕಾಯ್ಲೆ ಬಂದ್ರೆ?”
ಹಾಗೇನೂ ಆಗಲ್ಲ ಅನ್ನಲು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹಿಡಿದಿದ್ದ ಕೈ ಬಿಟ್ಟೆ; ಅವಳು ಮುದ್ದೆ ಮುರಿದು ಮೊದಲ ತುತ್ತು ನುಂಗಿದಳು.