ಅಳತೆ ತೆಗೆಯದೆ ಕೊಟ್ಟ ಕಬ್ಬಿಣದ ಮಾತ್ರೆ

ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಕಾಲು ಚಡಪಡಿಸುತ್ತದೆ ಎಂದವರಿಗೆಲ್ಲ ನಿಮ್ಮ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡದೆ ಕಬ್ಬಿಣದ ಮಾತ್ರೆ ಹಂಚುತ್ತಾರೆ. ನನ್ನ ತಕರಾರು ಇಷ್ಟೇ. ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಈ ಹಿಂದೆ ಬರೆದ ಎರಡು ಚಿಕ್ಕ ಪತ್ರಗಳು ನಿಮ್ಮ ಯಾವ ಕಡತದೊಳಗೆ ಸುಖನಿದ್ರೆಯಲ್ಲಿವೆಯೋ ತಿಳಿಯದು. ಹಾಗಾಗಿ ಊರೆಲ್ಲ ಓದುವಂತೆ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನೊಬ್ಬ ಟೈಲರ್. ಅಕ್ಕ ಮತ್ತು ನಾನು ಒಂದೇ ಅಂಗಡಿಯಲ್ಲಿ, ಒಂದೇ ಬೆಂಚಿನ ಮೇಲೆ ಕೂತು ಹದಿನೆಂಟು ವರ್ಷ ಹೊಲಿಗೆ ಮೆಷಿನ್ ತುಳಿದವರು. ಹೋದ ವರ್ಷ ಎರಡೂ ಮೆಷಿನ್‌ಗೆ ಮೋಟಾರ್ ಹಾಕಿಸಿದೆವು. ಇನ್ನು ಕಾಲಿಗೆ ಆರಾಮ ಎಂದುಕೊಂಡರೆ, ತುಳಿತ ಇಷ್ಟು ದಿನ ಮುಚ್ಚಿಟ್ಟಿದ್ದ ಕಾಯಿಲೆ ಹೊರಗೆ ಬಂತು. ಸಂಜೆ ಗುಂಡಿಗೆ ಕಾಜಾ ಹೊಲಿಯಲು ಕೂತರೆ ಸಾಕು, ಇಬ್ಬರಿಗೂ ಮೊಣಕಾಲಿನ ಕೆಳಗೆ ಒಳಗೊಳಗೇ ಏನೋ ಹರಿದಾಡಿದಂತೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹಿತ, ಕೂತರೆ ಮತ್ತೆ ಅದೇ ಪಾಡು. "ಏನ್ರಮ್ಮಾ, ಅಕ್ಕ ತಂಗಿ ಇಬ್ರೂ ಡ್ಯಾನ್ಸ್ ಕಲೀತಿದೀರಾ?" ಎಂದು ಗಿರಾಕಿಯೊಬ್ಬರು ಕೇಳಿಯೂ ಬಿಟ್ಟರು.

ಅಂಗಡಿ ಅಕ್ಕನಿಗೆ ಒಪ್ಪಿಸಿ ನಾನು ನಿಮ್ಮ ಕೇಂದ್ರಕ್ಕೆ ಬಂದೆ. ಕಂಪೌಂಡರ್ ತಲೆ ಎತ್ತಲಿಲ್ಲ. "ಕಾಲಾ? ಕಬ್ಬಿಣ ಕಮ್ಮಿ ಇರುತ್ತೆ. ದಿನಾ ಒಂದು ನುಂಗಿ."

"ರಕ್ತ ನೋಡಲ್ವಾ ಸಾರ್?"

"ಅದನ್ನ ಬರೆಯೋಕೆ ಫಾರಂನಲ್ಲಿ ಜಾಗ ಇಲ್ಲಮ್ಮ."

ಸುಳ್ಳು ಹೇಳಬಾರದು, ಮಾತ್ರೆ ನನಗೆ ಕೆಲಸ ಮಾಡಿತು. ಬಾಯಲ್ಲಿ ಬೀಗದ ಕೈ ಚೀಪಿದಂಥ ರುಚಿ ಬಂತು, ಹೊಟ್ಟೆ ಕಟ್ಟಿತು, ಆದರೆ ಎರಡು ತಿಂಗಳಲ್ಲಿ ಕಾಲು ತೆಪ್ಪಗಾಯಿತು. ಕಬ್ಬಿಣ ಕಮ್ಮಿ ಇದ್ದವರಿಗೆ ಅದು ನಿಜಕ್ಕೂ ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯುವ ಕೃತಘ್ನೆ ನಾನಲ್ಲ.

ಎಡವಟ್ಟಾದದ್ದು ಆಮೇಲೆ. ಅಕ್ಕನದೂ ನನ್ನದೂ ಒಂದೇ ಅಳತೆ. ಹೊಸ ನಮೂನೆ ಬಂದರೆ ನನ್ನ ಅಳತೆಗೆ ಕತ್ತರಿಸಿ ಇಬ್ಬರಿಗೂ ಹೊಲಿದುಕೊಳ್ಳುವುದು ನಮ್ಮ ರೂಢಿ. ಆ ರೂಢಿಯಲ್ಲೇ ಮಾತ್ರೆಯನ್ನೂ ಅವಳ ಕೈಗಿಟ್ಟೆ. ಅವಳ ಕಾಲಿನ ಚಡಪಡಿಕೆ ಜಗ್ಗಲಿಲ್ಲ. "ನಿಂಗೆ ಒಂದು ಸಾಕಾಯ್ತು, ನಂಗೆ ಎರಡು ಬೇಕೇನೋ ಕಣೇ" ಎಂದು ಎರಡೆರಡು ನುಂಗಿದಳು. ನಾನು ಕೇಳಿದಾಗಲೆಲ್ಲ ನಿಮ್ಮವರು ಪ್ರಶ್ನೆಯಿಲ್ಲದೆ ಕೊಟ್ಟರು. ನಾಲ್ಕು ತಿಂಗಳಿಗೆ ಅವಳಿಗೆ ಹೊಟ್ಟೆನೋವು, ವಾಂತಿ. ಖಾಸಗಿ ಡಾಕ್ಟರಮ್ಮ ಫೆರಿಟಿನ್ ಎಂಬ ಪರೀಕ್ಷೆ ಮಾಡಿಸಿದರು. ಮೈಯಲ್ಲಿ ಎಷ್ಟು ಕಬ್ಬಿಣ ಕೂಡಿಟ್ಟಿದೆ ಎಂದು ಅದು ತೋರಿಸುತ್ತದಂತೆ. ಅಕ್ಕನ ದಾಸ್ತಾನು ತುಂಬಿ ತುಳುಕುತ್ತಿತ್ತು. "ಇವರ ಮೈ ಸಿಕ್ಕಿದ ಕಬ್ಬಿಣನೆಲ್ಲ ಹಿಡಿದಿಟ್ಕೊಳ್ಳುತ್ತೆ. ಹೀಗೇ ನುಂಗ್ತಾ ಹೋಗಿದ್ರೆ ಲಿವರ್ ಕೆಡ್ತಿತ್ತು. ಯಾರಮ್ಮ ಕೊಟ್ಟಿದ್ದು?" ಎಂದರು. ನಾನೇ ಎಂದೆ. ಹಾಗೆನ್ನುವಾಗ ಅಳು ಬಂತು.

ನನ್ನ ತಪ್ಪು ಒಪ್ಪಿಕೊಂಡಿದ್ದೇನೆ. ನಿಮ್ಮ ಪಾಲಿನದು? ಒಂದು ತೋಳು ಹೊಲಿಯಲು ನಾನು ಮೂರು ಕಡೆ ಟೇಪು ಹಿಡಿಯುತ್ತೇನೆ. ಅಂಗಿ ಬಿಗಿಯಾದರೆ ಬಿಚ್ಚಿ ಹೊಲಿಯಬಹುದು. ಲಿವರಿಗೆ ಬಿಚ್ಚಿ ಹೊಲಿಯುವ ಅವಕಾಶ ಉಂಟೇ? ಕೊರತೆ ಇದ್ದವರಿಗೆ ಮದ್ದಾಗುವುದೇ ತುಂಬಿದ್ದವರಿಗೆ ಕುತ್ತಾಗುವಾಗ, ಯಾರಿಗೆ ಕೊರತೆ, ಯಾರಿಗೆ ತುಂಬಿದೆ ಎಂದು ನೋಡಿ ಎನ್ನುವುದು ಅಷ್ಟೊಂದು ಅತಿಯಾಸೆಯೇ? ಅಥವಾ ಫಾರಂ ಮರುಮುದ್ರಿಸಲು ಶಾಯಿಯ ಅಭಾವವೇ?

ನನ್ನ ಬೇಡಿಕೆ ಒಂದೇ. ಮೊದಲ ಮಾತ್ರೆಗೆ ಮುನ್ನ ಒಮ್ಮೆ, ಮೂರು ತಿಂಗಳಿಗೆ ಮತ್ತೊಮ್ಮೆ ಆ ಪರೀಕ್ಷೆ ಮಾಡಿಸಿ, ಫಾರಂನಲ್ಲಿ ಅದಕ್ಕೊಂದು ಜಾಗ ಬಿಡಿ. ಗೆರೆ ಎಳೆಯುವುದು ಕಷ್ಟವಾದರೆ ನನ್ನ ಸೀಮೆಸುಣ್ಣ ಕಳಿಸಿಕೊಡುತ್ತೇನೆ.

ಅಕ್ಕ ಮಾತ್ರೆ ಬಿಟ್ಟಿದ್ದಾಳೆ, ಲಿವರ್ ಉಳಿಯಿತು. ಕಾಲಿಗೆ ಡಾಕ್ಟರಮ್ಮ ಬೇರೆ ಮದ್ದು ಹುಡುಕುತ್ತಿದ್ದಾರೆ. ಸಂಜೆ ನನ್ನ ಕಾಲು ಸುಮ್ಮನಿರುತ್ತದೆ, ಅವಳದು ಕುಣಿಯುತ್ತದೆ, ಬೆಂಚು ಅಲುಗುತ್ತದೆ, ನನ್ನ ಹೊಲಿಗೆ ಸೊಟ್ಟಗಾಗುತ್ತದೆ. ಬಿಚ್ಚಿ ಮತ್ತೆ ಹೊಲಿಯುತ್ತೇನೆ. ಬೇರೆ ಬೆಂಚು ತರೋಣ ಎಂದು ಅಕ್ಕ ಹೇಳಿದಳು. ಬೇಡ ಎಂದಿದ್ದೇನೆ.

ಇಂತಿ,
ಊರೆಲ್ಲರ ಅಳತೆ ತೆಗೆದು, ಸ್ವಂತ ಅಕ್ಕನದು ಮರೆತ ಟೈಲರಮ್ಮ