ಒಂದಾಣೆ ಸ್ಟಾಂಪಿನ ಮೇಲಿನ ಅರ್ಧ ಹೆಬ್ಬೆಟ್ಟು

ಗೆಳೆಯ ಶ್ರೇಯಾಂಸ್,

ನೀನು ನನ್ನ ಮುತ್ತಜ್ಜಿ ನಾರಾಯಣಿಯ ಹೆಬ್ಬೆಟ್ಟನ್ನು ಕತ್ತರಿಯಿಂದ ಎರಡು ತುಂಡು ಮಾಡಿದ್ದೀಯ. ಒಂದು ತುಂಡು ನಿನ್ನ ಆಲ್ಬಮ್ಮಿನಲ್ಲಿದೆ, ಇನ್ನೊಂದು ಚೇಕಾಡಿಯಲ್ಲಿ ನಮ್ಮ ಮನೆಯಲ್ಲಿದೆ. ಕ್ಷೇಮ ಕೇಳುವ ಮೊದಲು ಇದನ್ನು ಬರೆಯಬೇಕಿತ್ತು, ಬರೆದೆ. ಫೋನಿನಲ್ಲಿ ಹೇಳಹೊರಟರೆ ನೀನು ನಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ. ನಾಳೆ ನಿನ್ನ ತಮ್ಮ ವಿನೀತ್ ತಂದುಕೊಡುತ್ತಾನೆ.

ಮೊನ್ನೆ ನಿನ್ನ ಅಜ್ಜಿ ಕುಸುಮಾವತಿಯಮ್ಮ ಅಟ್ಟದ ಪೆಟ್ಟಿಗೆ ಖಾಲಿ ಮಾಡುವಾಗ ಸಿಕ್ಕ ಒಂದು ಹಳೆಯ ರಸೀದಿಯನ್ನು ನನ್ನ ಅಜ್ಜಿ ಸೀತಳಿಗೆ ಕೊಟ್ಟರು. "ನಿನ್ನ ಅವ್ವ ನಮ್ಮವರಿಗೆ ಗದ್ದೆ ಕೊಟ್ಟು ಹಣ ತಗೊಂಡಾಗ ಒತ್ತಿದ ಹೆಬ್ಬೆಟ್ಟು ಸೀತಾ. ನಮ್ಮಲ್ಲಿ ಯಾಕೆ ಬಿದ್ದಿರ್ಬೇಕು? ನೀನೇ ಇಟ್ಕೊ" ಅಂದರಂತೆ. ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಬಿಚ್ಚಿ ನೋಡಿದರೆ ಸ್ಟಾಂಪ್ ಇದ್ದ ಜಾಗದಲ್ಲಿ ಚೌಕನೆಯ ತೂತು. ತೂತಿನ ಕೆಳಗೆ ನೇರಳೆ ಬಣ್ಣದ ಅರ್ಧ ಹೆಬ್ಬೆಟ್ಟು. ಬಹಳ ಹೊತ್ತು ನೋಡಿದ ಮೇಲೆ ಕೇಳಿದಳು: "ಎನ್ನ ಅವ್ವನ ಬೆರಳು ಇಷ್ಟೇ ಉಂಟಾ ಮೋಳೆ, ಎನ್ನ ಮಗಳೇ?"

ಅವಳಿಗೆ ಎರಡು ವರ್ಷವಿದ್ದಾಗಲೇ ತಾಯಿ ಜ್ವರ ಬಂದು ಹೋದಳು. ಫೋಟೋ ಇಲ್ಲ. ಮುಖ ನೆನಪಿಲ್ಲ.

ಅದೇ ಸಂಜೆ ನೀನು ನಮ್ಮ ಹಳೆಯ ಕ್ಲಾಸಿನ ಗ್ರೂಪಿಗೆ ಆಲ್ಬಮ್ಮಿನ ಚಿತ್ರ ಹಾಕಿದೆ. ಬ್ರಿಟಿಷ್ ರಾಜನ ತಲೆಯಿರುವ ಒಂದಾಣೆಯ ರೆವೆನ್ಯೂ ಸ್ಟಾಂಪ್, ಅವನ ಕೆನ್ನೆಯ ಮೇಲೆ ನೇರಳೆ ಬೆರಳ ತುದಿ, ಅದರೊಳಗೆ ಓರೆಯಾಗಿ ಒಂದು ಗಾಯದ ಗೆರೆ. ಆ ಗೆರೆಯ ಉಳಿದ ಭಾಗ ನಮ್ಮ ಕಾಗದದಲ್ಲಿದೆ. ಚಿತ್ರದ ಕೆಳಗೆ ನೀನು ಬರೆದಿದ್ದೆ: "ಇಂಕ್ ತೊಳೆದರೆ ಒಳ್ಳೆ ಬೆಲೆ. ಸೋಮವಾರ ಮೈಸೂರಿನ ವ್ಯಾಪಾರಿ ಬರ್ತಾರೆ."

ನೀನು ತೊಳೆಯುವ ರೀತಿ ನನಗೆ ಗೊತ್ತು. ಐದನೇ ಕ್ಲಾಸಿನಲ್ಲಿ ಮುಳ್ಳನ್ಕೊಲ್ಲಿಯ ನಿಮ್ಮ ಕಾಫಿ ಕಣದಲ್ಲಿ ಕೂತು ಲಕೋಟೆಯ ಚೂರುಗಳನ್ನು ಬಟ್ಟಲಿನ ನೀರಿಗೆ ಬಿಡುತ್ತಿದ್ದೆವು. ಅಂಟು ಬಿಟ್ಟ ಅಂಚೆಚೀಟಿಯನ್ನು ನೀನು ಉಸಿರು ಬಿಗಿಹಿಡಿದು ಚಿಮಟದಲ್ಲಿ ಎತ್ತಿ, ಒಣಗುತ್ತಿದ್ದ ಕಾಫಿಯ ಪಕ್ಕದಲ್ಲೇ ಹರಡುತ್ತಿದ್ದೆ. ಗಾಳಿ ಬಂದರೆ ಇಬ್ಬರೂ ಬಗ್ಗಿ ಕೈ ಅಡ್ಡ ಹಿಡಿಯುತ್ತಿದ್ದೆವು. ಒಮ್ಮೆ ನಿಮ್ಮ ಪಕ್ಕದ ಮನೆಯ ಕೋಳಿ ಆಫ್ರಿಕಾದ ಆನೆಯನ್ನೇ ಕಚ್ಚಿಕೊಂಡು ಓಡಿತು. "ನೀನೇ ಅದಕ್ಕೆ ಕಣ್ಸನ್ನೆ ಮಾಡಿದ್ದು" ಎಂದು ನೀನು ನನ್ನ ಜೊತೆ ಮಾತು ಬಿಟ್ಟೆ.

ಶಾಲೆಯಲ್ಲಿ ಮಲಯಾಳಂ, ಪುಲ್ಪಳ್ಳಿಯ ಬಸ್ಸಿನಲ್ಲಿ ನಿನ್ನದೊಂದು ಕನ್ನಡ, ನನ್ನದೊಂದು ಕನ್ನಡ. ಮಂಜು ಹಿಡಿದ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಬರೆದು ನನಗೆ ಕನ್ನಡ ಅಕ್ಷರ ಕಲಿಸಿದವನು ನೀನೇ. ಆಮೇಲೆ ನಾನು ಮರಕ್ಕಡವಿನಲ್ಲಿ ದೋಣಿ ಹತ್ತಿ ಹೊಳೆಯಾಚೆಯ ಕನ್ನಡ ನಾಡಿಗೆ ಹೋದಾಗಲೆಲ್ಲ ಕೈಗೆ ಸಿಕ್ಕಿದ ಕರಪತ್ರ, ಕಿರುಹೊತ್ತಿಗೆ ಹೊತ್ತು ತರುತ್ತಿದ್ದೆ. "ಕಡಲೆ ಕಟ್ಟಿದ ಪೇಪರನ್ನೂ ಓದಿ ಜಗಳಕ್ಕೆ ಬರ್ತೀಯಲ್ಲ ಗೀತು, ಮೊದ್ಲು ಕಡಲೆ ತಿನ್ನು" ಅಂತ ನೀನು ನನಗೆ ಅನ್ನುತ್ತಿದ್ದೆ. ನಾನು ತಿನ್ನುತ್ತಲೇ ಜಗಳವಾಡುತ್ತಿದ್ದೆ. ಆ ಬಸ್ಸು ಈಗಲೂ ಓಡುತ್ತದೆ. ಹತ್ತಿದಾಗಲೆಲ್ಲ ಆ ಕಿಟಕಿಯ ಸೀಟು ಖಾಲಿಯಿದೆಯೇ ಎಂದು ಮೊದಲು ನೋಡುತ್ತೇನೆ.

ಸ್ಟಾಂಪಿನ ಕತೆಯನ್ನೂ ನಾನು ಅಂಥದೇ ಒಂದು ಕಿರುಹೊತ್ತಿಗೆಯಲ್ಲಿ ಓದಿದೆ. ಬ್ರಿಟಿಷರು ಈ ಸುಂಕವನ್ನು ಮೊದಲು ಬಂಗಾಳದಲ್ಲಿ ತಂದರು, ಆಮೇಲೆ ಎಲ್ಲ ಕಡೆಗೂ. ನಮ್ಮ ವಯನಾಡು ಆಗ ಮದರಾಸಿನ ಕೈಕೆಳಗೆ. ಇಪ್ಪತ್ತು ರೂಪಾಯಿ ದಾಟಿದ ರಸೀದಿಗೆ ಒಂದಾಣೆಯ ಸ್ಟಾಂಪ್ ಅಂಟಿಸಲೇಬೇಕು, ಇಲ್ಲದಿದ್ದರೆ ಕೋರ್ಟು ಆ ಕಾಗದವನ್ನು ಒಪ್ಪದು. ಅಂಚೆಚೀಟಿಗೆ ಅಂಚೆಯವರು ಮುದ್ರೆ ಹೊಡೆಯುತ್ತಾರೆ. ರೆವೆನ್ಯೂ ಸ್ಟಾಂಪಿಗೆ ಹಣ ಪಡೆದವರ ಕೈಯೇ ಮುದ್ರೆ. ಕಿತ್ತು ಮತ್ತೊಮ್ಮೆ ಬಳಸಬಾರದೆಂದು ಸಹಿ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ಅಷ್ಟು ದೊಡ್ಡ ಸಾಮ್ರಾಜ್ಯಕ್ಕೆ ತನ್ನ ಒಂದಾಣೆಯ ಮೇಲೆ ಅಷ್ಟು ಕಾವಲು. ಸ್ಟಾಂಪಿನ ಮೇಲಿನ ರಾಜ ಹೋದ, ನಮ್ಮ ಸರ್ಕಾರದ ಸಿಂಹ ಬಂತು, ಆಣೆ ರೂಪಾಯಿಯಾಯಿತು. ಇವತ್ತಿಗೂ ನನ್ನ ಅಮ್ಮ ಕರಿಮೆಣಸಿನ ಹಣ ಪಡೆಯುವಾಗ ಸ್ಟಾಂಪಿಗೆ ಅಡ್ಡವಾಗಿಯೇ ಸಹಿ ಹಾಕುತ್ತಾಳೆ.

ನಿನ್ನ ವ್ಯಾಪಾರಿಗೆ ಆ ಇಂಕ್ ಕೊಳೆ. ನಮ್ಮವರಲ್ಲಿ ರಾಜನ ಕೆನ್ನೆಗೆ ಬೆರಳು ಒತ್ತಿದವಳು ನನ್ನ ಮುತ್ತಜ್ಜಿಯೊಬ್ಬಳೇ, ನನಗೆ ಗೊತ್ತಿರುವಂತೆ.

ನಾನು ಗದ್ದೆ ಕೇಳುತ್ತಿಲ್ಲ. ಅದರ ನ್ಯಾಯ ಬೇರೆ. ಅದನ್ನು ನಿಮ್ಮ ಅಂಗಳದಲ್ಲಿ ನಿಂತು ಎಲ್ಲರ ಎದುರೇ ಕೇಳುತ್ತೇನೆ. ಈಗ ಆ ಸ್ಟಾಂಪನ್ನು ನೀರಿಗೆ ಹಾಕಬೇಡ, ಅಷ್ಟೇ. ಆ ನೇರಳೆ ಬಣ್ಣ ನೀರಿನಲ್ಲಿ ನಿಲ್ಲುವುದಿಲ್ಲ, ನಿನಗೇ ಗೊತ್ತು. ಅಂಚಿನ ಒಂದು ಹಲ್ಲೂ ಮುರಿಯದಂತೆ ಕತ್ತರಿಸಿದ್ದೀಯ. ಅಷ್ಟು ಜೋಪಾನ ಬಲ್ಲವನು ಬೆರಳನ್ನು ಮಾತ್ರ ಹೇಗೆ ನೋಡದೆ ಹೋದೆ ಎಂಬುದೇ ನನ್ನ ಸಿಟ್ಟು.

ಇನ್ನರ್ಧ ಸಿಕ್ಕಿದೆಯೆಂದು ಅಜ್ಜಿಗೆ ಹೇಳಿಲ್ಲ. ನಿನ್ನೆ ಅವಳು ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲೆ ಮೆಲ್ಲಗೆ ಇಟ್ಟು ನೋಡುತ್ತಿದ್ದಳು. ಬೆರಳ ತುದಿ ತೂತಿಗೆ ಬಂದೊಡನೆ ಕೈ ಹಿಂದೆ ತೆಗೆದುಕೊಂಡಳು. ಆಸೆ ಹುಟ್ಟಿಸಿ ಆಮೇಲೆ ಇಲ್ಲವೆನ್ನುವ ಧೈರ್ಯ ನನಗಿಲ್ಲ. ಅದನ್ನು ಯಾವ ಕರಪತ್ರವೂ ಕಲಿಸಲಿಲ್ಲ.

ತೊಳೆದಿಲ್ಲವಾದರೆ ತೆಗೆದುಕೊಂಡು ಬಾ. ತೊಳೆದಾಗಿದ್ದರೂ ಬಾ. ಬರಿಗೈಯಲ್ಲಿ ಅವಳ ಮುಂದೆ ಕೂತು ನೀನೇ ಹೇಳು. ನಾನು ನಿನ್ನ ಪಕ್ಕದಲ್ಲಿ ಕೂತಿರುತ್ತೇನೆ. ನಿನಗೂ ನಿನ್ನ ಮನೆಯವರಿಗೂ ಒಳ್ಳೆಯದಾಗಲಿ.

ಮುನಿಸಿಕೊಂಡೂ ನಿನ್ನ ಗೆಳತಿಯೇ ಆಗಿರುವ,
ಗೀತು

ಚೇಕಾಡಿಯ ನಮ್ಮ ಜಗಲಿ. ಈ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.